ಮೈಸೂರಿಗೆ ನೇವಿ ಯಾಕೆ ಒಗ್ಗಲಿಲ್ಲ? ಈಗ ಡ್ರೋನ್ ಬಂದ್ಮೇಲೆ ದೊಡ್ಡ ಹಡಗು ಬೇಕಾ?

ಗಂಜಾಂ ಹುಡುಗ:
ಎಲ್ರಿಗೂ ನಮಸ್ಕಾರ. ಮೊನ್ನೆ ಹುಬ್ಬಳ್ಳಿ ಕಡೆ ನೆಂಟರು ಬಂದಿದ್ರು ಅಂತ ಶ್ರೀರಂಗಪಟ್ಟಣದಲ್ಲಿರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋಗಿದ್ದೆ, ಮನೆಯಿಂದ ನಡ್ಕೊಂಡು ಹೋಗೋ ದೂರ ಆದ್ರೂ ನಾವು ಹೋಗೋದು ನೆಂಟ್ರು ಬಂದಾಗ್ಲೇ. ಪಶ್ಚಿಮದ ಗೋಡೆ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರ ಇದೆಯಲ್ಲ, 1780ರದ್ದು. ಪಲ್ಲಕ್ಕೀಲಿ ಕೂತು ಬೆರಳು ಕಚ್ತಿರೋ, ಸೋತ ಇಂಗ್ಲಿಷ್ ಕರ್ನಲ್ ಬೇಯ್ಲಿ, ಸುತ್ತ ಚೌಕಾಕಾರಕ್ಕೆ ನಿಂತಿರೋ ಕೆಂಪು ಕೋಟಿನ ಸಿಪಾಯಿಗಳು, ಮಧ್ಯದಲ್ಲಿ ಮದ್ದಿನ ಗಾಡಿ ಢಂ ಅಂತ ಹೊತ್ಕೊಂಡಿರೋದು. ಆನೆ, ಕುದುರೆ, ಈಟಿ ಎಲ್ಲಾ ಇದೆ. ಸಮುದ್ರ ಮಾತ್ರ ಇಲ್ಲ. ಕಂಚಿ ಹತ್ರ ನಡೆದ ಯುದ್ಧಕ್ಕೆ ಸಮುದ್ರ ಎಲ್ಲಿಂದ ಬರ್ಬೇಕು ಅಂತ ಬಯ್ಬೇಡಿ, ನಾನು ಕೇಳ್ತಿರೋದು ಬೇರೆ.

1763ರಲ್ಲಿ ಹೈದರ್ ಬಿದನೂರು ತಗೊಂಡಾಗಲೇ ಮಂಗಳೂರು, ಹೊನ್ನಾವರ ಎಲ್ಲಾ ಮೈಸೂರಿಗೆ ಬಂತು. ಅಲ್ಲಿಂದ 1799ರ ತನಕ 36 ವರ್ಷ, ಮಧ್ಯೆ ಮಧ್ಯೆ ಕೈ ತಪ್ಪಿದ್ದು ಬಿಟ್ರೆ, ಕರಾವಳಿ ಕೈಯಲ್ಲಿತ್ತು, ತೇಗ ಇತ್ತು, ಮೆಣಸು ಗಂಧ ಮಾರಿದ ದುಡ್ಡಿತ್ತು, ಫ್ರೆಂಚರ ದೋಸ್ತಿ ಇತ್ತು, ರಾಕೆಟ್ ಅಂತೂ ಇಂಗ್ಲಿಷರೇ ನೋಡಿ ಕಲಿಯೋ ಹಾಗಿತ್ತು. ಆದ್ರೂ ನೌಕಾಪಡೆ ಅಂತ ಒಂದು ಯಾಕೆ ನಿಲ್ಲಲಿಲ್ಲ?

ಎರಡನೇದು ಈಗಿನ ವಿಷ್ಯ. ಉಕ್ರೇನ್ ಹತ್ರ ನೇವಿ ಅಂತ ಹೇಳ್ಕೊಳೋಕೆ ಏನೂ ಇರ್ಲಿಲ್ಲ, ಇದ್ದ ಒಂದು ದೊಡ್ಡ ಹಡಗನ್ನ ಶತ್ರು ಕೈಗೆ ಸಿಗಬಾರ್ದು ಅಂತ ತಾವೇ ಮುಳುಗಿಸ್ಕೊಂಡ್ರು. ಅಂಥವರು 2022ರ ಏಪ್ರಿಲ್‌ನಲ್ಲಿ ಮಾಸ್ಕ್ವಾ ಅನ್ನೋ ರಷ್ಯಾದ ಫ್ಲ್ಯಾಗ್‌ಶಿಪ್ಪನ್ನೇ, ಅಂದ್ರೆ ಕಪ್ಪು ಸಮುದ್ರದ ಪಡೆಯ ಮುಖ್ಯ ಹಡಗನ್ನೇ ಹೊಡೆದ್ರು, ಆಮೇಲೆ ಮೀನು ದೋಣಿ ಸೈಜಿನ ಡ್ರೋನ್ ಬಿಟ್ಟು ಇನ್ನಷ್ಟು ಹಡಗು ತೆಗೆದ್ರು. ಹಾಗಿರುವಾಗ ನಾವು ವಿಕ್ರಾಂತ್ ಅಂತ 45 ಸಾವಿರ ಟನ್ನಿನ ಕ್ಯಾರಿಯರ್ (ಯುದ್ಧವಿಮಾನ ಹೊರೋ ಹಡಗು) ಕಟ್ಟಿರೋದು ದುಡ್ಡು ದಂಡ ಅಲ್ವಾ? ತಿಳಿದೋರು ಹೇಳಿ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಜಗಳ ಇಲ್ಲಿ ಬೇಡ ದಯವಿಟ್ಟು, ಅದಕ್ಕೆ ಬೇರೆ ಕಡೆ ಬೇಕಾದಷ್ಟು ಜಾಗ ಇದೆ.

ಅಗ್ರಹಾರದ ಮೇಷ್ಟ್ರು:
ನೇವಿ ಇರ್ಲಿಲ್ಲ ಅನ್ನೋ ಹಾಗಿಲ್ಲಪ್ಪ. ಮೂರು ಸಲ ಕಟ್ಟೋಕೆ ಹೋದ್ರು, ಮೂರು ಸಲವೂ ಹೋಯ್ತು. ಒಂದೊಂದು ಸಲ ಒಂದೊಂದು ಕಾರಣಕ್ಕೆ ಹೋಯ್ತು, ಅದೇ ನೋಡಬೇಕಾದ್ದು.

ಮೊದಲನೇ ಸಲ ಹೈದರ್ ಕಣ್ಣೂರಿನ ಅಲಿ ರಾಜನ್ನ ಹಡಗುಗಳ ಮೇಲೆ ಇಟ್ಟ. ಆಯ್ಕೆ ಸರಿಯಾಗೇ ಇತ್ತು, ಆ ಮನೆತನಕ್ಕೆ ಸಮುದ್ರ ಗೊತ್ತಿತ್ತು. ಆದ್ರೆ ಅವನು ಮಾಲ್ಡೀವ್ಸ್ ಮೇಲೆ ಹೋಗಿ ಅಲ್ಲಿನ ಸುಲ್ತಾನನ ಕಣ್ಣು ಕೀಳಿಸಿ ಹಿಡ್ಕೊಂಡು ಬಂದ, ಹೈದರ್‌ಗೆ ಸಿಟ್ಟು ಬಂದು ಕೆಲಸದಿಂದ ತೆಗೆದ ಅಂತ ಆ ಕಾಲದ ಬರಹಗಳಲ್ಲಿ ಬರುತ್ತೆ. ಆಮೇಲೆ 1768ರಲ್ಲಿ ಬೊಂಬಾಯಿಯಿಂದ ಇಂಗ್ಲಿಷರು ಮಂಗಳೂರಿನ ಮೇಲೆ ಬಂದ್ರಲ್ಲ, ಆವಾಗ ನೌಕಾಪಡೆಗೆ ಮುಖ್ಯಸ್ಥ ಆಗಿದ್ದವನು ಲುತ್ಫ್ ಅಲಿ ಬೇಗ್, ಮೂಲತಃ ಕುದುರೆ ಪಡೆಯ ಅಧಿಕಾರಿ. ಹಡಗಿನ ಹಲಗೆ ಮೇಲೆ ನಿಂತು ಗೊತ್ತಿಲ್ಲದವನ ಕೈ ಕೆಳಗೆ ನಾವು ದುಡೀಬೇಕಾ ಅಂತ ಕ್ಯಾಪ್ಟನ್‌ಗಳು ಹಡಗಿನ ಸಮೇತ ಇಂಗ್ಲಿಷರ ಕಡೆಗೆ ಹೊರಟೇ ಹೋದ್ರು ಅಂತ ವಿಲ್ಕ್ಸ್ ಬರೀತಾನೆ, ಇಲ್ಲೇ ಮೈಸೂರಲ್ಲಿ ರೆಸಿಡೆಂಟ್ ಆಗಿದ್ದನಲ್ಲ ಅವನೇ. ಒಂದು ಗುಂಡು ಹಾರದೆ ನೌಕಾಪಡೆ ಖಾಲಿ. ಅದೇ ವರ್ಷ ಮಂಗಳೂರು ವಾಪಸ್ ಬಂತು, ಹಡಗು ಬರಲಿಲ್ಲ.

ಎರಡನೇ ಸಲ ಮತ್ತೆ ಕಟ್ಟಿದ್ರು. 1780ರ ಡಿಸೆಂಬರ್‌ನಲ್ಲಿ ಇಂಗ್ಲಿಷರ ಅಡ್ಮಿರಲ್ ಹ್ಯೂಸ್ ಮಂಗಳೂರಿಗೇ ನುಗ್ಗಿ ನಿಂತ ಹಡಗುಗಳನ್ನ ನಾಶ ಮಾಡಿದ. ಲೆಕ್ಕ ನೋಡಿ, ನೀವು ಹೇಳಿದ ಗೋಡೆ ಚಿತ್ರದ ಯುದ್ಧ ಸೆಪ್ಟೆಂಬರ್ 10ಕ್ಕೆ. ಮೂರು ತಿಂಗಳಲ್ಲಿ ಆ ಕರಾವಳಿ ಕಡೆ ದೊಡ್ಡ ಗೆಲುವು, ಈ ಕರಾವಳಿ ಕಡೆ ಪೂರ್ತಿ ಸೋಲು. ಗೆದ್ದಿದ್ದರ ಚಿತ್ರ ಬರೆಸಿದ್ರು, ಇನ್ನೊಂದನ್ನ ಯಾರು ಬರೆಸ್ತಾರೆ.

ಮೂರನೇದು ಟಿಪ್ಪುದು. 1796ರಲ್ಲಿ ಮೀರ್ ಯಮ್ ಅಂತ ಒಂದು ಇಲಾಖೆ ಮಾಡಿ, 40 ಯುದ್ಧನೌಕೆ ಕಟ್ಟಿ ಅಂತ ವಿವರವಾದ ಹುಕುಂನಾಮೆ ಹೊರಡಿಸಿದ. ಎಲ್ಲೆಲ್ಲಿ ಕಟ್ಟಬೇಕು, ಯಾರಿಗೆ ಏನು ಕೆಲಸ, ತಳಕ್ಕೆ ತಾಮ್ರದ ತಗಡು ಹೊಡೀಬೇಕು, ಎಲ್ಲಾ ಅದರಲ್ಲಿದೆ, ಓದಿದ್ರೆ ಖುಷಿ ಆಗುತ್ತೆ. ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಆಗಲೇ ಇತ್ತು, ಹಾಗಾಗಿ ಸಮುದ್ರದ ಕಡೆ ಗಮನ ಇರ್ಲಿಲ್ಲ ಅನ್ನೋ ಮಾತು ನಿಲ್ಲಲ್ಲ. ಆದ್ರೆ ಆ ಹೊತ್ತಿಗೆ ಇಂಗ್ಲಿಷರ ಜೊತೆಗಿನ 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಗಿತ್ತು, ಮಲಬಾರ್ ಹೋಗಿತ್ತು, 3 ಕೋಟಿ 30 ಲಕ್ಷ ದಂಡ ಕಟ್ಟಿಯಾಗಿತ್ತು. ಹುಕುಂನಾಮೆ ಆಗಿ ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣವೇ ಬಿತ್ತು.

ಇದೇ ಹೊತ್ತಿಗೆ ಎದುರಾಳಿ ಕಡೆ ಏನಿತ್ತು ಅಂದ್ರೆ, ಬೊಂಬಾಯಲ್ಲಿ 1750ರಿಂದಲೇ ಡ್ರೈ ಡಾಕ್, ಅಂದ್ರೆ ಹಡಗು ಒಳಗೆ ತಂದು ನೀರು ಖಾಲಿ ಮಾಡಿ ರಿಪೇರಿ ಮಾಡೋ ಜಾಗ. ವಾಡಿಯಾ ಮನೆತನದ ಪಾರ್ಸಿ ಬಡಗಿಗಳು ಅಪ್ಪನಿಂದ ಮಗನಿಗೆ ಮಗನಿಂದ ಮೊಮ್ಮಗನಿಗೆ ಅಂತ ಹಡಗು ಕಟ್ತಾ ಬಂದ್ರು. ಮೈಸೂರಿನಲ್ಲಿ ಒಬ್ಬ ದೊರೆ ಮನಸ್ಸು ಮಾಡಿದಾಗ ಶುರು, ಯುದ್ಧ ಬಂದಾಗ ಬಂದ್. ನನ್ನ ಕೇಳಿದ್ರೆ ಅಷ್ಟೇ ಕಾರಣ, ಉಳಿದಿದ್ದೆಲ್ಲ ಇದರ ಹಿಂದೆ ಬರೋದು.

ಮದ್ದೂರು ವಡೆ:
ಮೇಷ್ಟ್ರೇ ನೀವು ಹೇಳದ್ಮೇಲೆ ಒಪ್ಕೊಬೇಕು, ಆದ್ರೂ ಒಸಿ ತಕರಾರು ಅದೆ ನಂದು. ಹಡಗಿಗೆ ಸುರ್ದಿದ್ ದುಡ್ಡ ಎತ್ತಿಗೆ ಸುರ್ದಿದ್ರೆ ಚೆಂದಾಗಿರದು ಅಂತೀನಿ ನಾನು. 1791ರ ಮೇ ತಿಂಗ್ಳು ನೋಡಿ. ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗ್ಳೂರ್ ಕೋಟೆ ವಡ್ಕಂಡು ಶ್ರೀರಂಗಪಟ್ಣದ್ ತಂಕ ಬಂದ್ಬುಟ್ಟವ್ನೆ, ನಮ್ಮ ಅರಕೆರೆ ತಾವ ಯುದ್ಧನೂ ಗೆದ್ದವ್ನೆ. ಮುಂದಕ್ಕೆ ಹೋದ್ನಾ? ಇಲ್ಲ. ದಾರಿ ಉದ್ದಕ್ಕೂ ಟಿಪ್ಪು ಕಡೆಯೋರು ಹುಲ್ಲು ಮೇವು ಸುಟ್ಬುಟ್ಟಿದ್ರು, ಮಳೆ ಬೇರೆ ಹಿಡ್ಕತು, ಎತ್ಗಳು ಸಾಲಾಗ್ ಸತ್ತೋದೊ. ಕಣ್ಣಂಬಾಡಿ ತಾವ ತನ್ ದೊಡ್ ದೊಡ್ ಫಿರಂಗಿನೆಲ್ಲಾ ತಾನೇ ಒಡೆದಾಕಿ ವಾಪಸ್ ಹೊಂಟೋದ. ಅತ್ಲಾಗಿಂದ ಕೊಡಗಿನ್ ಮೇಲೆ ಬಂದು ಪಿರಿಯಾಪಟ್ಣದಲ್ಲಿ ಕುಂತಿದ್ದ ಬೊಂಬಾಯಿ ದಂಡಿನ್ ಜನರಲ್ ಅಬರ್‌ಕ್ರಾಂಬಿನೂ ಅದೇ ಗತಿ. ಎರಡು ದಂಡು, ಒಂದೂ ಸೋತಿಲ್ಲ, ಎರಡೂ ಓಡೋದೊ, ಯಾಕೆ ಅಂದ್ರೆ ಎಳಿಯೋಕೆ ಎತ್ತಿಲ್ಲ.

ಆ ಹಳೇ ಕಣ್ಣಂಬಾಡಿ ಊರು ಈಗ ಕೆಆರ್‌ಎಸ್ ನೀರಲ್ಲಿ ಮುಳ್ಗದೆ ಬುಡಿ. ಕಟ್ಟೆ ನೀರು ತಳ ಕಂಡಾಗ್ಲೆಲ್ಲಾ ನಮ್ ಕಡೆಯೋರು ಹೋಗಿ ಸೆಲ್ಫಿ ತಗೀತಾರೆ, ಅಲ್ಲಿ ಒಂದು ಸಾಮ್ರಾಜ್ಯದ್ ಫಿರಂಗಿ ಒಡೆದಿದ್ರು ಅಂತ ಒಂದು ಬೋರ್ಡಿಲ್ಲ.

ಮೈಸೂರಿನ್ ತಾಕತ್ತು ಇದ್ದಿದ್ದೇ ಎತ್ತಿನಲ್ಲಿ. ಚಿಕ್ಕದೇವರಾಜರ ಕಾಲದಿಂದ ಬೆಣ್ಣೆ ಚಾವಡಿ, ಆಮೇಲ್ ಅಮೃತಮಹಲ್. ಹೈದರ್ ದಂಡು ಅಷ್ಟು ಬಿರ್ರನೆ ಓಡಾಡ್ತಿದ್ದಿದ್ದೇ ಆ ದನದಿಂದ, ಪಟ್ಣ ಬಿದ್ಮೇಲೆ ವೆಲ್ಲಿಂಗ್ಟನ್ನೇ ಅವುನ್ನ ಬಳಸ್ಕಂಡು ಹೊಗಳವ್ನೆ. ಬೆಟ್ಟದ್ ಮೇಲಿನ್ ರಾಜ್ಯಕ್ಕೆ ಹಡಗ್ಯಾಕಣ್ಣ. ಕಬ್ಬು ಕಡಿಯೋ ಆಳೇ ಇಲ್ದಲೆ ಸಕ್ರೆ ಫ್ಯಾಕ್ಟ್ರಿ ಕಟ್ಟದಂಗೆ.

ಅಗ್ರಹಾರದ ಮೇಷ್ಟ್ರು:
ವಡೆಯವ್ರೇ, ಕಣ್ಣಂಬಾಡಿ ವಿಷ್ಯ ಚೆನ್ನಾಗಿ ಎತ್ತಿದ್ರಿ, ಆದ್ರೆ ಅದು ನನ್ನ ಮಾತನ್ನೇ ಗಟ್ಟಿ ಮಾಡುತ್ತೆ. ಫಿರಂಗಿ ಎಲ್ಲಾ ಒಡೆದಾಕಿ ಹೋದವನು ಮುಂದಿನ ಫೆಬ್ರವರಿಗೆ ಮತ್ತೆ ಫಿರಂಗಿ ಸಮೇತ ಬಂದು ನಿಂತ ಅಲ್ವಾ? ಎತ್ತು ಬಂಜಾರರಿಂದ ಸಿಕ್ತು, ಸರಿ. ಫಿರಂಗಿ, ಮದ್ದು, ಗೋರಾ ಸೈನಿಕರು ಎಲ್ಲಿಂದ ಬಂದ್ರು? ಮದ್ರಾಸಿನ ದಡಕ್ಕೆ ಹಡಗಿನಲ್ಲಿ. ಅಬರ್‌ಕ್ರಾಂಬಿ ಬೊಂಬಾಯಿಂದ ಪಿರಿಯಾಪಟ್ಟಣಕ್ಕೆ ಹೇಗೆ ಬಂದ? ತಲಶ್ಶೇರಿ ತನಕ ಹಡಗಿನಲ್ಲೇ. ನಾವು ಒಂದು ದಂಡು ಕಳ್ಕೊಂಡ್ರೆ ಅದು ಹೋದಂಗೆ, ಅವರು ಕಳ್ಕೊಂಡ್ರೆ ಇನ್ನೊಂದು ಬರೋದು.

1783 ಇನ್ನೂ ಸ್ಪಷ್ಟ. ಹೈದರ್ ತೀರ್ಕೊಂಡಿದ್ದು 1782ರ ಡಿಸೆಂಬರ್ 7ಕ್ಕೆ, ಚಿತ್ತೂರಿನ ಹತ್ರ. ಮೈಸೂರು ಸೈನ್ಯ ಪೂರ್ತಿ ಮದ್ರಾಸ್ ಕಡೆ ಇದೆ. ಅಷ್ಟ್ರಲ್ಲಿ ಬೊಂಬಾಯಿಯ ಜನರಲ್ ಮ್ಯಾಥ್ಯೂಸ್ ಕರಾವಳೀಲಿ ಇಳಿದು ಹೊನ್ನಾವರ ಹಿಡಿದು, ಘಟ್ಟ ಹತ್ತಿ ಬಿದನೂರಿಗೇ ಬಂದ್ಬಿಟ್ಟ. ಟಿಪ್ಪು ಅಲ್ಲಿ ಗೆಲ್ತಿದ್ದ ಯುದ್ಧ ಬಿಟ್ಟು ಇಲ್ಲಿಗೆ ಓಡಿ ಬರಬೇಕಾಯ್ತು. ಮ್ಯಾಥ್ಯೂಸ್‌ನ ಹಿಡಿದ, ಬಿದನೂರು ವಾಪಸ್ ತಗೊಂಡ, ಅದು ಬೇರೆ ಮಾತು. ಆದ್ರೆ ಇಡೀ ಸೈನ್ಯನ ಈ ಕಡೆಯಿಂದ ಆ ಕಡೆಗೆ ಎಳೆದಾಡಿಸಿದ್ದು ನಾಲ್ಕು ಹಡಗು ಎಲ್ಲಿ ಬೇಕಾದ್ರೂ ಜನ ಇಳಿಸ್ಬಹುದು ಅನ್ನೋ ಒಂದೇ ಕಾರಣ.

ಹೈದರ್‌ಗೆ ಇದು ತಿಳಿದಿತ್ತು. ನೆಲದ ಮೇಲೆ ಅವರನ್ನ ಎಷ್ಟು ಬೇಕಾದ್ರೂ ಹಾಳು ಮಾಡ್ಬಹುದು, ಸಮುದ್ರನ ಬತ್ತಿಸೋಕೆ ನನ್ನಿಂದ ಆಗಲ್ಲ ಅನ್ನೋ ಅರ್ಥದ ಮಾತನ್ನ ಪೂರ್ಣಯ್ಯನವರ ಹತ್ರ ಆಡಿದ್ದ ಅಂತ ವಿಲ್ಕ್ಸ್ ದಾಖಲಿಸ್ತಾನೆ.

ಗಂಜಾಂ ಹುಡುಗ:
ಮೇಷ್ಟ್ರೇ ಹಾಗಾದ್ರೆ ಫ್ರೆಂಚರು? 1782ರಲ್ಲಿ ಸಫ್ರೆನ್ ಬಂದಿದ್ನಲ್ಲ, ಬಹಳ ಒಳ್ಳೆ ಅಡ್ಮಿರಲ್ ಅಂತಾರೆ ಅವನ್ನ. ಸ್ವಂತ ನೇವಿ ಇಲ್ದಿದ್ರೆ ಏನಂತೆ, ಬಾಡಿಗೆಗೆ ಸಿಕ್ಕಿತ್ತಲ್ಲ.

ಅಗ್ರಹಾರದ ಮೇಷ್ಟ್ರು:
ಸಿಕ್ಕಿತ್ತು, ಒಳ್ಳೇದೇ ಸಿಕ್ಕಿತ್ತು. ಹೈದರ್ ಮತ್ತು ಸಫ್ರೆನ್ ಕಡಲೂರಿನ ಹತ್ರ ಭೇಟಿನೂ ಆದ್ರು. 1782ರ ಫೆಬ್ರವರಿಯಿಂದ 1783ರ ಜೂನ್ ತನಕ ಹ್ಯೂಸ್ ಜೊತೆ ಐದು ಕಾಳಗ ಆಡಿದ ಆತ, ಕೊನೇದ್ರಲ್ಲಿ 15 ಹಡಗು ಇಟ್ಕೊಂಡು 18 ಹಡಗಿನ ಹ್ಯೂಸ್‌ನ ಮದ್ರಾಸಿಗೆ ಓಡಿಸಿದ. ಆದ್ರೆ ಅವನ ಪಾಡು ಹೇಗಿತ್ತು ಅಂದ್ರೆ ಹಡಗು ರಿಪೇರಿಗೆ ಈ ಕರಾವಳೀಲಿ ಜಾಗ ಇಲ್ಲ, ಮುರಿದ ಕೂವೆ ಮರಕ್ಕೆ (ಹಾಯಿ ಕಟ್ಟೋ ಕಂಬ) ಬೇರೆ ಹಡಗಿನ ಕೂವೆ ಕಿತ್ತು ಹಾಕಬೇಕು, ಮುಂಗಾರು ತಿರುಗಿದಾಗ ಸುಮಾತ್ರದ ಉತ್ತರ ತುದಿಗೆ ಹೋಗಿ ಕೂರಬೇಕು. ಹ್ಯೂಸ್ ಬೊಂಬಾಯಿಗೆ ಹೋಗಿ ಡಾಕಿಗೆ ಹಾಕಿ ಬರ್ತಿದ್ದ. ಕೊನೆಗೆ ಯುರೋಪಿನಲ್ಲಿ ಶಾಂತಿ ಆಯ್ತು ಅನ್ನೋ ಸುದ್ದಿ ಬಂತು, ಫ್ರೆಂಚರು ಅಲ್ಲಿಗೇ ನಿಲ್ಲಿಸಿದ್ರು. ಮಂಗಳೂರು ಮುತ್ತಿಗೇಲಿ ಟಿಪ್ಪು ಜೊತೆ ಇದ್ದ ಫ್ರೆಂಚ್ ತುಕಡಿ ಕೂಡ ಮುತ್ತಿಗೆ ಮುಗಿಯೋಕೆ ಮುಂಚೆ ಎದ್ದು ಹೋಯ್ತು.

ಇಂಜಿನ್ ರೂಮ್ ತಾತ:
ನಾನು ನೇವೀಲಿ ಇಂಜಿನ್ ರೂಮಲ್ಲಿ ದುಡಿದು ರಿಟೈರ್ ಆಗಿ ಈಗ ಕುವೆಂಪುನಗರದಲ್ಲಿ ಇದೀನಿ, ಹಾಗಾಗಿ ಎರಡನೇ ಪ್ರಶ್ನೆಗೆ ನಾನು ಬಾಯಿ ಹಾಕ್ತೀನಿ.

ಮೊದಲು ಆ ತಾಮ್ರದ ತಗಡಿನ ವಿಷ್ಯ. ಹಡಗನ್ನ ಉಪ್ಪುನೀರಲ್ಲಿ ಸುಮ್ನೆ ನಿಲ್ಸಿದ್ರೂ ಅದು ಸಾಯ್ತಾ ಇರುತ್ತೆ. ಮರದ ಹಡಗಿಗೆ ಹುಳ ಕೊರೆಯುತ್ತೆ, ಅದನ್ನ ತಡೆಯೋಕೇ ಆ ತಗಡು, ಕಬ್ಬಿಣದ್ದಾದ್ರೆ ತುಕ್ಕು, ಎರಡಕ್ಕೂ ತಳಕ್ಕೆ ಚಿಪ್ಪು ಹತ್ಕೊಂಡು ಸ್ಪೀಡ್ ಬೀಳುತ್ತೆ. ಡ್ರೈ ಡಾಕಿಗೆ ಬಂದ ಹಡಗಿನ ಕೆಳಗೆ ನಿಂತು ನೋಡಿದ್ರೆ ಗೊತ್ತಾಗುತ್ತೆ, ಅಂಗೈ ದಪ್ಪಕ್ಕೆ ಚಿಪ್ಪು ಪಾಚಿ, ಕೊಳೆತ ಮೀನಿನ ವಾಸನೆ, ಕೆರೆದು ಕೆರೆದು ಸಂಜೆ ಹೊತ್ತಿಗೆ ಭುಜ ಎತ್ತೋಕೆ ಆಗಲ್ಲ. ಆಮೇಲೆ ಚಿಪ್ಪಿಂಗ್ ಹ್ಯಾಮರ್ ತಗೊಂಡು ಟಕಟಕ ತುಕ್ಕು ಒಡೀಬೇಕು, ಪ್ರೈಮರ್ ಹೊಡೀಬೇಕು, ವಾಲ್ವ್ ಬಿಚ್ಚಬೇಕು. ಇದು ವರ್ಷ ವರ್ಷ ನಡೀಬೇಕು, ಯುದ್ಧ ಇರ್ಲಿ ಬಿಡ್ಲಿ. ಮೇಷ್ಟ್ರು ಹೇಳಿದ ವಾಡಿಯಾ ಡಾಕಿನ ಬೆಲೆ ನಮ್ಮಂಥವರಿಗೆ ಗೊತ್ತು.

ಈಗ ಡ್ರೋನು. ಮಾಸ್ಕ್ವಾ ಬಿದ್ದಿದ್ದು ಡ್ರೋನಿಂದ ಅಲ್ಲ, ದಡದಿಂದ ಬಿಟ್ಟ ನೆಪ್ಚೂನ್ ಮಿಸೈಲಿಂದ. ಡ್ರೋನ್ ದೋಣಿ ಕಥೆ 2024ರ ಫೆಬ್ರವರೀಲಿ ಜೋರಾಗಿದ್ದು, ಮಗೂರಾ ಅಂತ ಐದೂವರೆ ಮೀಟರ್ ಉದ್ದದ್ದು, ಅದರಿಂದ ಇವಾನೊವೆಟ್ಸ್, ಸೀಸರ್ ಕುನಿಕೊವ್, ಮಾರ್ಚಲ್ಲಿ ಸೆರ್ಗೆಯ್ ಕೊಟೊವ್ ಹೋಯ್ತು. ರಷ್ಯಾದವರು ಸೆವಾಸ್ಟೊಪೋಲ್ ಬಿಟ್ಟು ನೊವೊರೊಸ್ಸಿಸ್ಕ್ ಕಡೆಗೆ ಹಡಗು ಸಾಗಿಸಿಕೊಂಡ್ರು. ದೊಡ್ಡ ವಿಷ್ಯವೇ, ಇಲ್ಲ ಅನ್ನಲ್ಲ. ಆದ್ರೆ ಕಪ್ಪು ಸಮುದ್ರದ ಬಾಗಿಲು ಟರ್ಕಿ ಕೈಯಲ್ಲಿದೆ, 1936ರ ಮಾಂತ್ರೋ ಒಪ್ಪಂದದ ಪ್ರಕಾರ ಅವರು ಬಾಗಿಲು ಹಾಕಿದ್ಮೇಲೆ ರಷ್ಯಾಕ್ಕೆ ಹೊರಗಿಂದ ಒಂದು ಹಡಗು ತಂದು ಸೇರಿಸೋಕೆ ಆಗ್ಲಿಲ್ಲ. ಸುತ್ತ ದಡ ಇರೋ ನೀರಲ್ಲಿ ದಡದಿಂದ ಹೊಡೆಯೋನು ಯಾವಾಗ್ಲೂ ಬಲವಂತ. ಅರಬ್ಬಿ ಸಮುದ್ರದ ನಡುವೆ ಐದೂವರೆ ಮೀಟರ್ ದೋಣೀನ ಮುಂಗಾರಿನಲ್ಲಿ ಬಿಡಿ ನೋಡೋಣ.

ನಾವೇ ಇದನ್ನ 1971ರಲ್ಲಿ ಮಾಡಿದ್ವಿ. ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಹೋಗಿದ್ದು ನಿಪಾತ್, ನಿರ್ಘಾತ್, ವೀರ್ ಅಂತ ಮೂರು ಚಿಕ್ಕ ಮಿಸೈಲ್ ಬೋಟ್. ರೇವು ಕಾಯೋಕೆ ಅಂತ ಮಾಡಿದ್ದವು, ದೂರ ಹೋಗೋ ಶಕ್ತಿ ಇಲ್ಲ, ಹಾಗಾಗಿ ದೊಡ್ಡ ಹಡಗಿಗೆ ಕಟ್ಟಿ ಎಳ್ಕೊಂಡು ಹೋಗಿ ಹತ್ರದಲ್ಲಿ ಬಿಟ್ರು. ಹೊಡೆದಿದ್ದು ಚಿಕ್ಕದೇ, ತಗೊಂಡು ಹೋಗಿದ್ದು ದೊಡ್ಡದು. ಈ ಎರಡನೇ ಅರ್ಧನ ಎಲ್ರೂ ಮರೀತಾರೆ.

ದೊಡ್ಡ ಹಡಗಿನ ಕಾಲ ಮುಗೀತು ಅನ್ನೋ ಮಾತು ಹೊಸದೂ ಅಲ್ಲ. 1880ರ ಹೊತ್ತಿಗೆ ಫ್ರಾನ್ಸಿನ ಅಡ್ಮಿರಲ್ ಓಬ್ ಕಡೆಯವರು ಟಾರ್ಪೆಡೊ ದೋಣಿ ಬಂತು, ಇನ್ನು ಬ್ಯಾಟಲ್‌ಶಿಪ್ ಯಾಕೆ ಅಂದಿದ್ರು. ಇಂಗ್ಲಿಷರು ಆ ದೋಣಿಗಳನ್ನ ಬೇಟೆ ಆಡೋಕೇ ಅಂತ ಒಂದು ಹೊಸ ಜಾತಿ ಹಡಗು ಮಾಡಿದ್ರು, ಅದನ್ನೇ ನಾವು ಇವತ್ತು ಡೆಸ್ಟ್ರಾಯರ್ ಅನ್ನೋದು. ಡ್ರೋನಿಗೂ ಅಂಥದ್ದೇ ಏನೋ ಬರುತ್ತೆ. ಕೆಂಪು ಸಮುದ್ರದಲ್ಲಿ ಅಮೆರಿಕದವರು ಯೆಮೆನ್‌ನ ಹೂತಿಗಳ ಅಗ್ಗದ ಡ್ರೋನ್ ಹೊಡೆದು ಇಳಿಸೋಕೆ ಒಂದೊಂದು 20 ಲಕ್ಷ ಡಾಲರ್ ಬೆಲೆಯ ಮಿಸೈಲ್ ಹಾರಿಸ್ತಿದ್ರು, ಆ ಲೆಕ್ಕ ಯಾರಿಗೂ ಬಹಳ ದಿನ ನಡೆಯಲ್ಲ. ಆಮೇಲೆ ಹಡಗಿನ ತೋಪು, ಹೆಲಿಕಾಪ್ಟರ್ ಅಂತ ಇಳಿದ್ರು.

ರಸಬಾಳೆ:
ಮೈಸೂರಿಗೆ ನೇವಿ ಒಗ್ಗಲಿಲ್ಲ ಅಂತ ಯಾರಂದಿದ್ದು ಸ್ವಾಮಿ 😄 ಐಎನ್‌ಎಸ್ ಮೈಸೂರು ಅಂತ ಎರಡು ಹಡಗು ಆಗಿದೆ, ಹಳೇದು 1957ರಲ್ಲಿ ಬಂದ ಕ್ರೂಸರ್, 71ರಲ್ಲಿ ಪಶ್ಚಿಮ ಫ್ಲೀಟಿಗೆ ಅದೇ ಫ್ಲ್ಯಾಗ್‌ಶಿಪ್, ಈಗಿನದು 1999ರ ಡೆಸ್ಟ್ರಾಯರ್, ಲಾಂಛನದಲ್ಲಿ ನಮ್ಮ ಗಂಡಭೇರುಂಡ. ಸಿದ್ಧಾರ್ಥನಗರದ ಡಿಎಫ್‌ಆರ್‌ಎಲ್ ಅನ್ನೋ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ ಸೈನ್ಯಕ್ಕೆ ಕೆಡದೆ ಇರೋ ಊಟ ಮಾಡ್ತಾರೆ. ಇಲವಾಲದ ಕಡೆ ರಟ್ಟೆಹಳ್ಳಿ ಪ್ಲಾಂಟ್ ಇದೆಯಲ್ಲ, ಅರಿಹಂತ್ ಸಬ್‌ಮರೀನಿನ ರಿಯಾಕ್ಟರಿಗೆ ಇಂಧನ ಅಲ್ಲಿಂದಲೇ ಅಂತ ಎಷ್ಟೋ ಸಲ ಪೇಪರಲ್ಲಿ ಬಂದಿದೆ. ಸಮುದ್ರ ನೋಡೋಕೆ ಘಟ್ಟ ಇಳೀಬೇಕು, ಆದ್ರೆ ಸಮುದ್ರದ ಅಡಿಗೆ ಹೋಗೋದು ನಮ್ಮೂರಿಂದ.

ಗಂಜಾಂ ಹುಡುಗ:
ತಾತ, ಇನ್ನೂ ಒಂದು ಕೇಳ್ಬಿಡ್ತೀನಿ. ಉಕ್ರೇನ್ ಬರೀ ಹಡಗು ಮುಳುಗಿಸಿದ್ದಲ್ಲ, 2023ರ ಜುಲೈನಲ್ಲಿ ರಷ್ಯಾ ಧಾನ್ಯದ ಒಪ್ಪಂದ ಬಿಟ್ಮೇಲೆ ಒಡೆಸ್ಸಾದಿಂದ ತಾವೇ ದಾರಿ ಮಾಡ್ಕೊಂಡು ಗೋಧಿ ಕಳಿಸಿದ್ರಲ್ಲ. ನೇವಿ ಇಲ್ದೇನೇ ವ್ಯಾಪಾರನೂ ನಡೀತು. ಹಾಗಾದ್ರೆ ಎದುರಾಳಿನ ತಡೆಯೋಕೆ ಮಾತ್ರ ಅಲ್ಲ, ನಮ್ಮ ಸರಕು ಸಾಗಿಸೋಕೂ ಡ್ರೋನ್ ಸಾಕು ಅಂತ ಆಗ್ಲಿಲ್ವಾ?

ಇಂಜಿನ್ ರೂಮ್ ತಾತ:
ಆ ಹಡಗುಗಳು ಹೋಗಿದ್ದು ಯಾವ ದಡ ಹಿಡ್ಕೊಂಡು ನೋಡು ಮಗ. ರೊಮೇನಿಯಾ, ಬಲ್ಗೇರಿಯಾ, ಆಮೇಲೆ ಟರ್ಕಿ, ಮೂವರೂ ನೇಟೋ ದೇಶ. ಒಡೆಸ್ಸಾ ಹತ್ರದ ಸ್ವಲ್ಪ ನೀರು ಕ್ಲಿಯರ್ ಮಾಡ್ಕೊಂಡ್ರೆ ಮುಂದಿಂದು ಅಕ್ಕಪಕ್ಕದವರ ನೀರು, ಅಲ್ಲಿ ಹೊಡೆಯೋಕೆ ರಷ್ಯಾ ಹತ್ತು ಸಲ ಯೋಚನೆ ಮಾಡುತ್ತೆ.

ನಮಗೆ ಆ ಅನುಕೂಲ ಎಲ್ಲಿದೆ? 2023ರ ಡಿಸೆಂಬರ್ 23ಕ್ಕೆ ಕೆಮ್ ಪ್ಲೂಟೊ ಅಂತ ಟ್ಯಾಂಕರಿಗೆ ಡ್ರೋನ್ ಬಡೀತಲ್ಲ, ಗುಜರಾತಿನ ವೆರಾವಲ್‌ನಿಂದ 200 ನಾಟಿಕಲ್ ಮೈಲಿ ಆಚೆ. ಸೌದಿಯಿಂದ ಹೊರಟಿದ್ದು, ಬರ್ತಿದ್ದಿದ್ದು ಎಲ್ಲಿಗೆ ಗೊತ್ತಾ, ನಮ್ಮ ಮಂಗಳೂರಿಗೆ. ಬೆಂಕಿ ಆರಿಸ್ಕೊಂಡ್ರು, ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಕೋಸ್ಟ್ ಗಾರ್ಡಿನ ವಿಕ್ರಮ್ ಹೋಗಿ ಮುಂಬೈಗೆ ಕರ್ಕೊಂಡು ಬಂತು. ಆದ್ಮೇಲೆ ನೇವಿ ಡೆಸ್ಟ್ರಾಯರ್‌ಗಳನ್ನ ಕಳಿಸ್ತು. 2024ರ ಮಾರ್ಚಲ್ಲಿ ಐಎನ್‌ಎಸ್ ಕೋಲ್ಕತಾ ರುಯೆನ್ ಅನ್ನೋ ಹಡಗಿಂದ 35 ಕಡಲ್ಗಳ್ಳರನ್ನ ಹಿಡಿದಿದ್ದೂ ಅದೇ ಕಾಲದಲ್ಲಿ, ಸಿ-17 ವಿಮಾನದಿಂದ ಮಾರ್ಕೋಸ್ ಅನ್ನೋ ನೇವಿ ಕಮಾಂಡೋ ಹುಡುಗ್ರನ್ನ ಸಮುದ್ರಕ್ಕೆ ಇಳಿಸಿದ್ರು. ಆ ಕೆಲಸಕ್ಕೆ ವಾರಗಟ್ಟಲೆ ಸಮುದ್ರದಲ್ಲೇ ನಿಲ್ಲೋ ಹಡಗು ಬೇಕು, ಅದರಲ್ಲಿ ಜನ ಬೇಕು, ಹೆಲಿಕಾಪ್ಟರ್ ಬೇಕು. ಡ್ರೋನ್ ಒಬ್ಬನ್ನ ಬರದಂಗೆ ತಡೆಯುತ್ತೆ. ನಿನ್ನ ಎಣ್ಣೆ ಹಡಗಿನ ಪಕ್ಕ ನಿಂತು ಕರ್ಕೊಂಡು ಬರೋದು ಬೇರೆ ಕಸುಬು.

ಮದ್ದೂರು ವಡೆ:
ಅಂಗಾರೆ ಟಿಪ್ಪು 40 ದೊಡ್ ಹಡಗು ಬುಟ್ಟು, ಸಣ್ ದೋಣಿಗೆ ರಾಕೆಟ್ ಕಟ್ಬುಟ್ಟು ಮಂಗ್ಳೂರ್ ಬಾಗ್ಲಲ್ಲಿ ನಿಲ್ಸಿದ್ರೆ ಮ್ಯಾಥ್ಯೂಸು ಇಳೀತಿದ್ನಾ ತಾತ?

ಅಗ್ರಹಾರದ ಮೇಷ್ಟ್ರು:
ಅದನ್ನ ಮಾಡಿದವರು ಇಂಗ್ಲಿಷರೇ. ಇಲ್ಲಿಂದ ಹೋದ ರಾಕೆಟ್ ನೋಡಿ ಇಂಗ್ಲೆಂಡಿನ ಕಾಂಗ್ರೀವ್ ಕಲಿತ, 1806ರಲ್ಲಿ ಫ್ರಾನ್ಸಿನ ಬುಲೋನ್ ಮೇಲೆ ದೋಣಿಗಳಿಂದ ರಾಕೆಟ್ ಬಿಟ್ರು, ಮರುವರ್ಷ ಕೋಪನ್‌ಹೇಗನ್ ಸುಟ್ರು. ಆದ್ರೆ ನಿಂತ ಊರಿಗೆ ಬೆಂಕಿ ಹಾಕೋದು ಬೇರೆ, ಓಡಾಡೋ ಹಡಗಿಗೆ ಗುರಿ ಇಡೋದು ಬೇರೆ, ಆ ರಾಕೆಟ್ ಎಲ್ಲಿ ಬೀಳುತ್ತೆ ಅಂತ ಬಿಟ್ಟವನಿಗೇ ಗ್ಯಾರಂಟಿ ಇರ್ಲಿಲ್ಲ. ರೇವಿನ ಬಾಯಿಗೆ ನುಗ್ಗೋ ಹಡಗಿನ ಹಾಯಿಗೆ ಬೆಂಕಿ ಹತ್ತಿಸೋಕೆ ಬೇಕಾದ್ರೆ ಆಗ್ತಿತ್ತೇನೋ. ಮ್ಯಾಥ್ಯೂಸ್ ಮಂಗಳೂರಲ್ಲಿ ಇಳಿಯದೆ ಬೇರೆ ಕಡೆ ಇಳಿದ ಅನ್ನೋದು ನೆನಪಿರ್ಲಿ. ಕಾಳಿ ನದಿಯಿಂದ ನೇತ್ರಾವತಿ ತನಕ ಎಷ್ಟು ಅಳಿವೆ ಇದೆ, ಎಲ್ಲಾ ಕಡೆ ದೋಣಿ ನಿಲ್ಸೋಕೆ ಆಗುತ್ತಾ?

ಇಂಜಿನ್ ರೂಮ್ ತಾತ:
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ವಿಕ್ರಾಂತ್ ದಂಡನಾ ಅಂತ ಹುಡುಗ ಕೇಳಿದ್ದಕ್ಕೆ ನನ್ನ ಸ್ವಂತ ಅಭಿಪ್ರಾಯ: ಇರೋ ಎರಡು ಕ್ಯಾರಿಯರ್ ಬೇಕು, ಒಂದು ರಿಫಿಟ್ಟಿಗೆ ಹೋದ್ರೆ ಇನ್ನೊಂದಾದ್ರೂ ಇರ್ಬೇಕಲ್ಲ. ಮೂರನೇದಕ್ಕೆ ದುಡ್ಡು ಹಾಕೋ ಮುಂಚೆ ಸಬ್‌ಮರೀನ್ ಮಾಡ್ಲಿ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷ್ ಸಬ್‌ಮರೀನ್ ಒಂದು ಬೆಲ್‌ಗ್ರಾನೊ ಅನ್ನೋ ಕ್ರೂಸರ್ ಮುಳುಗಿಸಿದ್ಮೇಲೆ ಅರ್ಜೆಂಟೀನಾದ ಕ್ಯಾರಿಯರ್ ರೇವಿಗೆ ಹೋಗಿ ಕೂತಿದ್ದು ಯುದ್ಧ ಮುಗಿಯೋ ತನಕ ಹೊರಗೆ ಬರ್ಲಿಲ್ಲ. 71ರಲ್ಲಿ ನಮ್ಮ ಖುಕ್ರಿ ಅನ್ನೋ ಹಡಗು ಮುಳುಗಿದ್ದೂ ಸಬ್‌ಮರೀನಿಂದಲೇ, ಕ್ಯಾಪ್ಟನ್ ಮುಲ್ಲಾ ಹಡಗಿನ ಜೊತೆಗೇ ಹೋದ್ರು. ಕಲ್ವರಿ ಜಾತಿ ಸಬ್‌ಮರೀನಲ್ಲಿ ಆರನೇದು, ವಾಗ್‌ಶೀರ್, 2025ರ ಜನವರೀಲಿ ಸೇರ್ತು. ಆದ್ರೆ ಪೇಪರಲ್ಲಿ ಸಂಖ್ಯೆ ಓದೋವಾಗ ಒಂದು ಲೆಕ್ಕ ಇಟ್ಕೋ, ಯಾವ ದಿನ ನೋಡಿದ್ರೂ ಅದರಲ್ಲಿ ಕೆಲವು ಡಾಕಲ್ಲಿ ಇರ್ತವೆ, ಕೆಲವು ಟ್ರೇನಿಂಗಲ್ಲಿ ಇರ್ತವೆ, ನೀರಲ್ಲಿ ನಿಜವಾಗ್ಲೂ ಕಾವಲು ಇರೋದು ಉಳಿದವು.

ಕಾರವಾರಕ್ಕೆ ಹೋದ್ರೆ ಬೀಚ್ ಹತ್ರ ಚಪಲ್ ಅನ್ನೋ ಹಳೇ ಮಿಸೈಲ್ ಬೋಟ್ ಮ್ಯೂಸಿಯಂ ಮಾಡಿ ಇಟ್ಟಿದಾರೆ, ಕರಾಚಿಗೆ ಹೋದ ಬೋಟ್‌ಗಳ ಆಮೇಲಿನ ತಲೆಮಾರಿಂದು. ಒಳಗೆ ಇಂಜಿನ್ ರೂಮಿಗೆ ಇಳಿದು ನೋಡು, ನೆಟ್ಟಗೆ ನಿಲ್ಲೋಕೆ ಜಾಗ ಇಲ್ಲ. ಗಂಜಾಂನಿಂದ ಬೆಳಗಿನ ಜಾವ ಹೊರಟ್ರೆ ಸಂಜೆ ಒಳಗೆ ಸೇರ್ತೀಯ, ಹೋಗೋ ದಿನ ಅದು ತೆರೆದಿರುತ್ತಾ ಅಂತ ಮಾತ್ರ ಮೊದಲೇ ಫೋನ್ ಮಾಡಿ ವಿಚಾರಿಸ್ಕೋ.